ವೇಷ ಕಳಚುವ ಕಂತು

ಕೆಂಪುಕಲ್ಲೂರು
ತೊಂಬತ್ತೊಂದನೆಯ ಆವೃತ್ತಿ, ಮೂವತ್ತಮೂರನೆಯ ಕಂತು

ಹಿಂದಿನ ಕಾಲದಲ್ಲಿ ದೂರದರ್ಶನದ ಕಾರ್ಯಕ್ರಮಗಳನ್ನು ತಯಾರಿಸುವವರಿಗೂ ನೋಡುವವರಿಗೂ ನನ್ನ ನಮಸ್ಕಾರಗಳು.

ಮೊದಲು ಒಂದು ತಿದ್ದುಪಡಿ. ನಮ್ಮ ಊರಿನ ಆಡಳಿತ ಮಂಡಳಿಯವರು ಕಳೆದ ಆವೃತ್ತಿಯಲ್ಲಿ ನಿಮಗೆ ಕಳುಹಿಸಿದ ವರದಿಯಲ್ಲಿ, “ಪ್ರತಿ ಕಂತಿನ ಕೊನೆಗೆ ಒಬ್ಬ ಸದಸ್ಯರು ಮನೆಯಿಂದ ನಿರ್ಗಮಿಸುತ್ತಾರೆ, ಊರಿನವರು ಚಪ್ಪಾಳೆ ತಟ್ಟಿ ಬೀಳ್ಕೊಡುತ್ತಾರೆ” ಎಂಬ ವಾಕ್ಯವಿದೆ. ಚಪ್ಪಾಳೆಯ ಮಾತು ನಿಜ. ಉಳಿದದ್ದು ತಪ್ಪು. ತನ್ನ ಕಾಲ ಮೇಲೆ ನಡೆದು ಹೋದವನು ನಿರ್ಗಮಿಸುತ್ತಾನೆ. ಗೋಣಿಚೀಲದಲ್ಲಿ ತುಂಬಿ ಒಯ್ಯಬೇಕಾದವನ ವಿಷಯದಲ್ಲಿ ಆ ಕ್ರಿಯಾಪದವನ್ನು ಬಳಸುವಂತಿಲ್ಲ. ಅವನನ್ನು ಕೊಲ್ಲಲಾಗುತ್ತದೆ. ಆಯುಷ್ಯವೆಲ್ಲ ಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಇದಕ್ಕಿಂತ ನೇರವಾದ ವಾಕ್ಯ ತಿಳಿಯದು.

ಈ ಪತ್ರದ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಾವು ವಾರವನ್ನು ಕಂತು ಎಂದೂ ವರ್ಷವನ್ನು ಆವೃತ್ತಿ ಎಂದೂ ಕರೆಯುತ್ತೇವೆ. ಊರನ್ನು ಆಳುವ ಅಧಿಕಾರಿಗೆ ‘ಧ್ವನಿ’ ಎನ್ನುತ್ತೇವೆ. ಅವರು ಎದುರಿಗೆ ಬಂದು ಆಜ್ಞೆ ಮಾಡುವುದಿಲ್ಲ. ಗೋಡೆಯಲ್ಲಿ ಹುಗಿದ ಹಿತ್ತಾಳೆಯ ಕೊಳವೆಯ ಮೂಲಕ ಮಾತನಾಡುತ್ತಾರೆ. ಈ ಪದಗಳೆಲ್ಲ ನಿಮ್ಮಿಂದಲೇ ಬಂದವು. ಹೇಗೆ ಬಂದವು ಎಂಬುದನ್ನು ಹೇಳದೆ ಮುಂದಿನದು ಅರ್ಥವಾಗದು.

ಬರಗಾಲಗಳೂ ದಂಗೆಗಳೂ ಮುಗಿದು, ಅಳಿದುಳಿದ ನಾಲ್ಕಾರು ಕುಟುಂಬಗಳು ಈ ಕಲ್ಲುಗಣಿಯ ಬಳಿ ನೆಲೆ ನಿಂತಾಗ ಅವರ ಬಳಿ ಕಾನೂನಿರಲಿಲ್ಲ, ಕೋರ್ಟಿರಲಿಲ್ಲ. ಬದುವಿನ ಜಗಳಕ್ಕೂ ಕೊಡಲಿ ಏಳುತ್ತಿತ್ತು. ಆಗ ಕುಸಿದುಬಿದ್ದ ಒಂದು ಕೇಬಲ್ ಅಂಗಡಿಯ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ಬಿಸಿಲಿನ ಹಲಗೆಗೆ ಜೋಡಿಸಿದರೆ ಅದು ಗೋಡೆಯ ಮೇಲೆ ಚಿತ್ರ ಚೆಲ್ಲುತ್ತದೆ. ಅದರಲ್ಲಿ ಎರಡು ಬಗೆಯ ಕಾರ್ಯಕ್ರಮಗಳು ಒಂದು ಬಿಟ್ಟು ಒಂದರಂತೆ ತುಂಬಿವೆ. ಮೊದಲನೆಯದು ಕನ್ನಡದ್ದು. ಒಂದು ಮನೆಯಲ್ಲಿ ಕೂಡಿಹಾಕಿದ ಜನ ಜಗಳವಾಡುತ್ತಾರೆ, ಅಳುತ್ತಾರೆ, ಒಬ್ಬರನ್ನೊಬ್ಬರು ಹೆಸರಿಸುತ್ತಾರೆ. ಹೆಚ್ಚು ಜನ ಯಾರನ್ನು ಬೇಡವೆಂದರೋ ಅವರು ಬೆಳಕು ತುಂಬಿದ ಒಂದು ಬಾಗಿಲಿನಿಂದ ಹೊರಗೆ ಹೋಗುತ್ತಾರೆ, ಮತ್ತೆ ಕಾಣಿಸುವುದಿಲ್ಲ. ಎರಡನೆಯದು ಜಪಾನಿನದು. ಮಂಡಳಿಯವರು ಅದನ್ನು ದೇವಭಾಷೆ ಎಂದು ಬರೆದಿದ್ದಾರೆ, ಅದೂ ತಪ್ಪು. ಅದರಲ್ಲಿ ಬಣ್ಣದ ಉಡುಪಿನ ಐವರು ಒಂದು ಕಲ್ಲುಗಣಿಯಲ್ಲಿ ರಾಕ್ಷಸನನ್ನು ಹೊಡೆಯುತ್ತಾರೆ. ಕೆಂಪು ಉಡುಪಿನವನು ಕೊನೆಯ ಒದೆ ಕೊಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಾನೆ; ಹಿಂದೆ ರಾಕ್ಷಸ ಸಿಡಿದು ಹೊಗೆಯಾಗುತ್ತಾನೆ.

ನಮ್ಮ ಹಿರಿಯರು ಇವೆರಡನ್ನೂ ಒಂದೇ ವಿಚಾರಣೆಯ ಎರಡು ಭಾಗಗಳೆಂದು ತಿಳಿದರು. ಬಾಗಿಲಿನಿಂದ ಹೊರಗೆ ಹೋದವರಿಗೆ ರಾಕ್ಷಸನ ತೊಗಲು ಹೊದಿಸುತ್ತಾರೆ, ಗಣಿಗೆ ಇಳಿಸುತ್ತಾರೆ ಎಂದುಕೊಂಡರು. ತಮ್ಮೂರಿನಲ್ಲೂ ಗಣಿ ಇದೆಯಲ್ಲ, ಇದು ನಮಗಾಗಿಯೇ ಬಂದ ಶಾಸನ ಎಂದು ನಂಬಿದರು. ಅಂದಿನಿಂದ ವ್ಯಾಜ್ಯವಿದ್ದವರನ್ನೆಲ್ಲ ಹಳೆಯ ಕಲ್ಯಾಣಮಂಟಪದಲ್ಲಿ ಕೂಡಿಹಾಕುತ್ತಾರೆ. ಅದೇ ನಮ್ಮ ‘ಮನೆ’. ಅದರ ಗೋಡೆಗೆ ಸುತ್ತಲೂ ರಂಧ್ರಗಳಿವೆ. ನೀರಿಗೆ ಹೋಗುವ ಹೆಂಗಸರು ಕೊಡ ಇಳಿಸಿ ಒಂದು ಗಳಿಗೆ ಕಣ್ಣಿಟ್ಟು ನೋಡಿ, ಯಾರು ಯಾರಿಗೆ ಏನೆಂದರು ಎಂಬುದನ್ನು ಕೇರಿಗೆ ಒಯ್ಯುತ್ತಾರೆ. ಒಳಗಿನವರು ದಿನವಿಡೀ ತಲೆಯ ಮೇಲೆ ಕಲ್ಲು ಹೊತ್ತು ನಿಲ್ಲಬೇಕು. ಮೊದಲು ಇಳಿಸಿದವರಿಗೆ ಅಂದು ರೊಟ್ಟಿಯಿಲ್ಲ. ಶನಿವಾರ ಊರಿನವರು ಕುಟುಂಬಕ್ಕೊಂದು ಕಲ್ಲಿನ ಚೂರು ಹಾಕಿ ಮತ ಕೊಡುತ್ತಾರೆ. ಭಾನುವಾರ ಗಣಿ.

ಗಣಿಯಲ್ಲಿ ಆ ಐವರಂತೆ ಉಡುಪು ತೊಟ್ಟು ಹೊಡೆಯುವ ನಮ್ಮ ಪಂಚವರ್ಣದವರ ಶಿರಸ್ತ್ರಾಣಗಳು ನಿಮ್ಮ ಕಾಲದ ಬೈಕಿನ ಹೆಲ್ಮೆಟ್ಟುಗಳು. ಕೆಂಪು ಉಡುಪನ್ನು ಇಳಕಲ್ ಸೀರೆಯ ಸೆರಗಿನಿಂದ ಹೊಲಿಯುತ್ತಾರೆ. ರಾಕ್ಷಸನಾಗಬೇಕಾದವರಿಗೆ ಎಮ್ಮೆಯ ತೊಗಲು, ಹಳೆಯ ಟೈರು ಸೇರಿಸಿ ಮೈತುಂಬ ಹೊದಿಸಿ ಬೆನ್ನಿಗೆ ಹೊಲಿಗೆ ಹಾಕುತ್ತಾರೆ. ಚಿತ್ರದ ರಾಕ್ಷಸರ ಬೆನ್ನಿನ ಮೇಲೆ ಕತ್ತಿನಿಂದ ಸೊಂಟದವರೆಗೆ ಒಂದು ಗೆರೆ ಕಾಣಿಸುತ್ತದೆ. ಅದು ಖಡ್ಗದ ಗಾಯವೆಂದು ನಮ್ಮವರ ನಿರ್ಣಯ. ಆದುದರಿಂದ ಹಸಿರು ಉಡುಪಿನವನು ಮೊದಲ ಏಟನ್ನು ಬೆನ್ನುಹುರಿಯ ಮೇಲೆಯೇ ಹಾಕುತ್ತಾನೆ. ಅನೇಕರು ಅಲ್ಲಿಗೇ ಕಾಲು ಕಳೆದುಕೊಳ್ಳುತ್ತಾರೆ. ಅಂಥವರನ್ನು, ರಾಕ್ಷಸ ಸಿಡಿಯಲೆಂದು ನೆಲದಲ್ಲಿ ಸಿಡಿಮದ್ದು ಹುಗಿದ ವೃತ್ತದವರೆಗೆ ಎಳೆದು ತರಬೇಕಾಗುತ್ತದೆ.

ಕಳೆದ ಕಂತಿನಲ್ಲಿ ದ್ಯಾಮವ್ವನ ಸರದಿ ಬಂತು. ಅವಳು ನೇಕಾರಳು, ನನ್ನ ಹಳೆಯ ವಿದ್ಯಾರ್ಥಿನಿ. ಮಗ್ಗ ಹೂಡುವ ಕುಣಿಯೊಂದರ ಬಗ್ಗೆ ನೆರೆಯವರೊಡನೆ ತಕರಾರಾಗಿ ಮನೆ ಸೇರಿದ್ದಳು. ಯಾರನ್ನು ಹೆಸರಿಸುತ್ತೀ ಎಂದು ಧ್ವನಿ ಕೇಳಿದಾಗ, ಯಾರ ಹೆಸರೂ ತನ್ನ ಬಾಯಲ್ಲಿ ಬರುವುದಿಲ್ಲ ಎಂದಳು. ಹೆಸರಿಸದವರು ತಾವೇ ಹೆಸರಿಸಲ್ಪಡುತ್ತಾರೆ ಎಂಬುದು ಪೆಟ್ಟಿಗೆಯಲ್ಲಿರುವ ನಿಯಮ. ಈ ಆವೃತ್ತಿಯ ಕೆಂಪು ಉಡುಪು ಅವಳ ಒಡಹುಟ್ಟಿದ ತಮ್ಮ ಯಮನೂರಪ್ಪನದು. ಕೆಂಪಿನವನು ಒದೆಯಲು ನಿರಾಕರಿಸಿದರೆ ಅವನ ಹೆಂಡತಿ ಮಕ್ಕಳು ಮನೆ ಸೇರುತ್ತಾರೆ.

ನಾನು ಧ್ವನಿಯವರ ಬಳಿಗೆ ಹೋದೆ. ಈಗ ಆ ಸ್ಥಾನದಲ್ಲಿರುವವರು ಶಾಂತವೀರಪ್ಪ. ಸಭ್ಯರು, ನನಗೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಬೆನ್ನಿನ ಮೇಲಿನ ಗೆರೆ ಗಾಯವಲ್ಲ, ಜಿಪ್ಪು ಎಂದು ವಿವರಿಸಿದೆ. ನನ್ನ ಅಜ್ಜನ ಹಳೆಯ ಜಾಕೀಟಿನ ಜಿಪ್ಪನ್ನು ಎಳೆದು ತೋರಿಸಿದೆ. ಜಿಪ್ಪು ಇರುವುದು ಬಿಚ್ಚುವುದಕ್ಕೆ, ಬಿಚ್ಚುವಂಥದ್ದು ವೇಷ, ವೇಷದೊಳಗಿನವನು ಸಾಯುವುದಿಲ್ಲ, ಆಟ ಮುಗಿದ ಮೇಲೆ ಊಟಕ್ಕೆ ಹೋಗುತ್ತಾನೆ ಎಂದೆ. ಅವರು ಬಹಳ ಹೊತ್ತು ಜಿಪ್ಪನ್ನೇ ಮೇಲೆ ಕೆಳಗೆ ಎಳೆಯುತ್ತಿದ್ದರು. ಆಮೇಲೆ ಹೇಳಿದರು: “ಮಾಸ್ತರ, ನೀವು ಹೇಳೂದು ಖರೆ ಇರಬಹುದು. ಆದ್ರ ವೇಷ ಕಳದದ್ದು ಯಾವ ಕಂತಿನ್ಯಾಗ ಐತಿ? ತೋರಸ್ರಿ. ಒಂದ ಒಂದು ತೋರಿಸಿದ್ರೂ ಅವತ್ತ ಗಣಿ ಮುಚ್ಚಸ್ತೀನಿ.”

ನಾನು ಪೆಟ್ಟಿಗೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಪ್ರತಿಯೊಂದು ಕಂತೂ ಹೊಗೆಯಲ್ಲಿ ಥಟ್ಟನೆ ನಿಲ್ಲುತ್ತದೆ. ಪ್ರತಿ ಮಾಡಿದ ಕೇಬಲ್ ಅಂಗಡಿಯವನು ಜಾಗ ಉಳಿಸಲೆಂದು ಕೊನೆಗಳನ್ನೆಲ್ಲ ಕತ್ತರಿಸಿದ್ದಾನೆ. ಕೊನೆಯಲ್ಲಿ ಬರುವುದು ಹೆಸರುಗಳೇ ತಾನೆ, ಅವು ಯಾರಿಗೆ ಬೇಕು ಎಂದುಕೊಂಡಿರಬೇಕು.

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಯಮನೂರಪ್ಪನನ್ನು ಕರೆದುಕೊಂಡು ಮಂಟಪದ ಹಿಂದಿನ ರಂಧ್ರಕ್ಕೆ ಹೋದೆ. ಚಿತ್ರದವರು ಆಡಿದಂತೆ ಬರಿಯ ಆಟ ಆಡಿರಿ ಎಂದು ಅವನಿಗೂ ಒಳಗಿದ್ದ ದ್ಯಾಮವ್ವನಿಗೂ ಹೇಳಿದೆ. ಯಮನೂರಪ್ಪ ಗೋಡೆಗೆ ಹಣೆ ಹಚ್ಚಿ, “ಅಕ್ಕಾ, ನಾ ಒದ್ದಂಗ ಮಾಡ್ತೀನಿ, ನೀ ಬಿದ್ದಂಗ ಮಾಡು” ಎಂದ.

ಒಳಗಿನಿಂದ ಅವಳು ನಕ್ಕಳು. “ಸಣ್ಣಾಂವಿದ್ದಾಗಿಂದ ನಿನಗ ನೆಟ್ಟಗ ಒದ್ಯಾಕ ಬಂದಿಲ್ಲೋ. ನೀ ಖರೇನ ಒದ್ರೂ ನಾ ಬೀಳೂದು ಸುಳ್ಳ ಇರ್ತದ.”

ಭಾನುವಾರ ಹಸಿರಿನವನ ಏಟು ಟೈರನ್ನು ಸೀಳಿ ಅವಳ ಬೆನ್ನಿಗೆ ತಗುಲಿತು. ನೀಲಿಯವನು ಸರಪಳಿಯಿಂದ ಮೊಣಕಾಲಿಗೆ ಹೊಡೆದ. ಹಳದಿಯವನೂ ಕಪ್ಪಿನವನೂ ಕಬ್ಬಿಣದ ಹಾರೆಯಿಂದ ಪಕ್ಕೆಗಳಿಗೆ ತಿವಿದರು. ತೊಗಲಿನೊಳಗಿನಿಂದ ಬರುವ ಸದ್ದು ಚಿತ್ರದ ರಾಕ್ಷಸನ ಗರ್ಜನೆಯಂತೆ ಕೇಳುತ್ತದೆ. ಜನ ಪ್ರತಿ ಸಲವೂ ಅದಕ್ಕೆ ಹರ್ಷಗೊಳ್ಳುತ್ತಾರೆ. ಯಮನೂರಪ್ಪ ಓಡಿಬಂದು ಗಾಳಿಯನ್ನು ಒದ್ದ. ಅವಳು ಸೊಗಸಾಗಿ ಬಿದ್ದಳು. ಆದರೆ ಬಿದ್ದದ್ದು ಮದ್ದಿನ ವೃತ್ತದಲ್ಲಿ; ಬತ್ತಿ ಹಚ್ಚುವವನು ನಮ್ಮ ಆಟದಲ್ಲಿ ಸೇರಿರಲಿಲ್ಲ. ಯಮನೂರಪ್ಪ ನಿಯಮದಂತೆ ಬೆನ್ನು ತಿರುಗಿಸಿ ನಡೆದ. ಬತ್ತಿಯ ಸದ್ದು ಕೇಳಿದ ಕೂಡಲೇ ತಿರುಗಿದ, ಹೆಲ್ಮೆಟ್ಟನ್ನು ಕಿತ್ತು ಎಸೆದ. ನಮ್ಮ ಗಣಿಯಲ್ಲಿ ಕೆಂಪಿನವನ ಮುಖವನ್ನು ಊರು ನೋಡಿದ್ದು ಅದೇ ಮೊದಲು. ಸೊಂಟದಲ್ಲಿದ್ದ ಕಲ್ಲು ಕೆತ್ತುವ ಚಾಣದಿಂದ ಹೊಲಿಗೆ ಸೀಳಿ ಅಕ್ಕನನ್ನು ತೋಳು ಹಿಡಿದು ಎಳೆದ. ಅವಳು ಅರ್ಧ ಹೊರಬರುವಷ್ಟರಲ್ಲಿ ಮದ್ದು ಸಿಡಿಯಿತು. ಅವನು ಅವಳ ಮೇಲೆ ಮಲಗಿದ್ದ. ಅವನ ಬೆನ್ನು ಎಂಬುದೇ ಉಳಿದಿರಲಿಲ್ಲ.

ಹೊಗೆ ಎದ್ದಾಗ ಚಪ್ಪಾಳೆ ತಟ್ಟುವುದು ವಾಡಿಕೆ. ತಟ್ಟಿದರು. ಹೊಗೆಯೊಳಗಿನಿಂದ ದ್ಯಾಮವ್ವ ಎದ್ದು ಬಂದಾಗ ನಿಲ್ಲಿಸಿದರು. ಅವಳ ಕೈಗಳ ಚರ್ಮ ಕೈಗವಸಿನಂತೆ ಜೋತುಬಿದ್ದಿತ್ತು. ಜನರ ಮುಂದೆ ನಿಂತು, “ನೋಡ್ರಿ, ನಾ ದ್ಯಾಮವ್ವ. ಒಳಗ ನಾನ ಇದ್ದೆ” ಎಂದಳು. ಯಾರೋ ಅತ್ತರು. ಆ ಕ್ಷಣಕ್ಕೆ ಊರು ನಮ್ಮದಾಯಿತೆಂದೇ ನಾನು ಭಾವಿಸಿದೆ.

ಆದರೆ ಶಾಂತವೀರಪ್ಪನವರು ಪೆಟ್ಟಿಗೆಯನ್ನು ನನಗಿಂತ ಚೆನ್ನಾಗಿ ಬಲ್ಲರು. ಬಿದ್ದ ರಾಕ್ಷಸ ಮತ್ತೆ ಏಳುವುದು ಜಪಾನಿನ ಕಂತುಗಳಲ್ಲಿ ಸಾಮಾನ್ಯ ಸಂಗತಿ. ಎದ್ದವನು ಪರ್ವತದಷ್ಟು ಬೆಳೆಯುತ್ತಾನೆ. ಆಗ ಐವರೂ ಸೇರಿ ಒಂದು ಮಹಾಯಂತ್ರವನ್ನೇರಿ ಅವನನ್ನು ಎರಡನೆಯ ಸಲ ಕೊಲ್ಲುತ್ತಾರೆ. ಕೊಳವೆಯಿಂದ ತೀರ್ಪು ಬಂತು. ದ್ಯಾಮವ್ವ ಬೆಳೆಯುವ ಮೊದಲೇ, ಮುಂದಿನ ಭಾನುವಾರವೇ, ಎರಡನೆಯ ವಧೆ ಆಗತಕ್ಕದ್ದು. ನಮ್ಮಲ್ಲಿರುವ ಮಹಾಯಂತ್ರವೆಂದರೆ ಗಣಿಯ ಹಳೆಯ ಕ್ರೇನು. ನಾಳೆ ಬೆಳಿಗ್ಗೆ ಅದಕ್ಕೆ ಲಾರಿಯಷ್ಟು ದೊಡ್ಡ ಬಂಡೆಯನ್ನು ಕಟ್ಟಿ ಅವಳ ಮೇಲೆ ಬಿಡುತ್ತಾರೆ. ಇಂದು ಮಧ್ಯಾಹ್ನ ಅವರನ್ನು ಮತ್ತೆ ಕಂಡೆ. ತಮ್ಮ ಮಾತಿಗೆ ತಾವು ಈಗಲೂ ಬದ್ಧರೆಂದರು: ವೇಷ ಕಳಚಿದ್ದನ್ನು ತೋರಿಸಿದರೆ ಕ್ರೇನು ಏಳುವುದಿಲ್ಲ. ಅವರು ಸುಳ್ಳು ಹೇಳುವವರಲ್ಲ. ನಮ್ಮ ದುರವಸ್ಥೆಯ ಮುಖ್ಯ ಕಾರಣವೂ ಅದೇ.

ಈ ಪತ್ರವನ್ನು ನಿಮಗೆ ಮುಟ್ಟಿಸುವ ಯಂತ್ರದ ಹೆಸರು ಹಿಂದಂಚೆ. ಅದು ಕಾಗದವನ್ನು ಕಳೆದ ಕಾಲಕ್ಕೆ ತಳ್ಳುತ್ತದೆ, ಉತ್ತರ ತರುವುದಿಲ್ಲ. ಆದರೆ ಓದಿದವರು ಅಲ್ಲಿ ಬದಲಿಸಿದ್ದು ಇಲ್ಲಿ ಬದಲಾಗಿರುತ್ತದೆ. ಊರ ಅಗಸೆಬಾಗಿಲಿನ ಬಾವಿಗೆ ಮೆಟ್ಟಿಲಿಲ್ಲವೆಂದು ಒಮ್ಮೆ ಬರೆದಿದ್ದೆವು. ಮರುದಿನ ನೋಡಿದರೆ ಪಾಚಿಗಟ್ಟಿದ ಹಳೆಯ ಮೆಟ್ಟಿಲುಗಳಿದ್ದವು.

ಆದುದರಿಂದ ನನ್ನ ವಿನಂತಿ ಇಷ್ಟು. ಹೊಡೆದಾಟವನ್ನು ತೋರಿಸಬೇಡಿ ಎಂದು ನಾನು ಹೇಳುವುದಿಲ್ಲ, ಚೆನ್ನಾಗಿ ತೋರಿಸುತ್ತೀರಿ. ಆದರೆ ರಾಕ್ಷಸನ ತಲೆಯನ್ನು ಕಳಚಿದವನ ಮುಖವನ್ನೂ ತೋರಿಸಿ. ಅವನು ಬೆವರು ಒರೆಸಿಕೊಳ್ಳಲಿ. ಒದ್ದವನೇ ಅವನಿಗೆ ಚಹಾ ತಂದುಕೊಡಲಿ, ಪೆಟ್ಟಾಯಿತೇ ಎಂದು ಕೇಳಲಿ. ಮನೆಯಿಂದ ಹೊರಬಿದ್ದವರು ಬೆಳಕಿನ ಬಾಗಿಲಿನ ಆಚೆ ಚಪ್ಪಲಿ ಹುಡುಕಿಕೊಂಡು, ಗಾಡಿ ಹತ್ತಿ, ತಮ್ಮ ಸ್ವಂತ ಮನೆಯಲ್ಲಿ ಊಟಕ್ಕೆ ಕುಳಿತದ್ದನ್ನು ತೋರಿಸಿ. ಇದನ್ನು ಕೊನೆಯಲ್ಲಿ ಸೇರಿಸಬೇಡಿ. ಕೊನೆಗಳನ್ನು ಕತ್ತರಿಸುವವನು ಕತ್ತರಿಸಿಯೇ ತೀರುತ್ತಾನೆ. ಕಂತಿನ ಮಧ್ಯದಲ್ಲಿ, ಹೊಡೆದಾಟ ರಂಗೇರಿದಾಗಲೇ, ಯಾರೂ ಬಿಡಿಸಿ ತೆಗೆಯಲಾಗದಂತೆ ಸೇರಿಸಿ. ನೋಡುಗರು ಆಕ್ಷೇಪಿಸಿದರೆ ಈ ಪತ್ರವನ್ನು ಓದಿ ಹೇಳಿ.

ಕ್ರೇನಿನ ಹಗ್ಗಕ್ಕೆ ಎಣ್ಣೆ ಸವರುತ್ತಿರುವ ವಾಸನೆ ಇಲ್ಲಿಯವರೆಗೆ ಬರುತ್ತಿದೆ. ಕಾಗದವನ್ನು ಹಿಂದಂಚೆಗೆ ಹಾಕಿ, ನಾನು ಪೆಟ್ಟಿಗೆಯ ಮುಂದೆ ಕೂರುತ್ತೇನೆ. ಮೊದಲ ಕಂತಿನಿಂದ ಮತ್ತೆ ನೋಡುತ್ತೇನೆ. ನಾಳೆ ಒಂಬತ್ತು ಗಂಟೆಯವರೆಗೆ ನಿಮಗೆ ಸಮಯವಿದೆ.

ಇತಿ ತಮ್ಮ ವಿಶ್ವಾಸಿ,
ಚನ್ನಮಲ್ಲಪ್ಪ ಗೊಂಗಡಶೆಟ್ಟಿ
ನಿವೃತ್ತ ಶಿಕ್ಷಕ

ನಿಮ್ಮ ಪಂಚಾಂಗದಂತೆ ೧೩ ಆಗಸ್ಟ್ ೨೩೦೪, ಶನಿವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷ.