ನೋಟ್ಸಿನ ಮೂರನೇ ಪುಟ

ಕುಂದಾಪುರ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಜಲಜ,

ಕೊಕ್ಕರ್ಣೆಯಲ್ಲಿ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ತಡಕ್ಕೆ ಎಷ್ಟು ಬೇಕಾದರೂ ಬೈ. ಫೋನ್ ಮಾಡಬಹುದಿತ್ತು, ಫೋನಿನಲ್ಲಿ ನಾನು ಅರ್ಧ ಮಾತು ನುಂಗುತ್ತೇನೆ.

ತಮ್ಮನ ಮಗಳು ಸ್ವಾತಿ ನಾವು ಓದಿದ ಕಾಲೇಜಿನಲ್ಲೇ ಬಿ.ಎ. ಓದುತ್ತಿದ್ದಾಳೆ. ನಮ್ಮದೇ ಐಚ್ಛಿಕ ಇಂಗ್ಲಿಷ್, ನಮ್ಮದೇ ಹಳೆಯ ಪಾಠ: ದೇಶ ಬಿಟ್ಟು ಓಡಿದ್ದ ಇಂಗ್ಲೆಂಡಿನ ರಾಜ ಮರಳಿ ಬಂದಲ್ಲಿಂದ ಹದಿನೆಂಟನೆಯ ಶತಮಾನದ ಕೊನೆಯವರೆಗಿನ ಸಾಹಿತ್ಯ. ಕಳೆದ ತಿಂಗಳ ಕಿರುಪರೀಕ್ಷೆಯಲ್ಲಿ ಆ ಕಾಲದ ರಂಗಭೂಮಿಯ ಬಗ್ಗೆ ಪ್ರಶ್ನೆ ಬಂತು. ರಾಜ ಮರಳಿದ ಮೇಲೆ ಮುಚ್ಚಿದ್ದ ನಾಟಕಶಾಲೆಗಳು ತೆರೆದವು, ಹೆಂಗಸರ ಪಾತ್ರವನ್ನು ಹೆಂಗಸರೇ ಮಾಡತೊಡಗಿದರು ಎಂದು ಸ್ವಾತಿ ಬರೆದಳು. ಹತ್ತಕ್ಕೆ ಎರಡು ಅಂಕ. ಯಾಕೆಂದು ಕೇಳಲು ಎದ್ದುನಿಂತದ್ದಕ್ಕೆ ತರಗತಿಯೆಲ್ಲ ನಕ್ಕಿತಂತೆ.

"ಅತ್ತೆ, ನಾನಿನ್ನ್ ಕಾಲೇಜಿಗೆ ಹೋತಿಲ್ಲೆ. ಅಪ್ಪಯ್ಯನ ಅಂಗ್ಡಿಯಗೆ ಕೂಕಂತೆ," ಎಂದಳು. ಮೂರು ದಿನ ಅಂಗಡಿಯಲ್ಲೇ ಕೂತಳು, ಕಾಲೇಜಿಗೆ ಹೋಗಲೂ ಇಲ್ಲ. ನಾಲ್ಕನೆಯ ದಿನ ನಾನೇ ಹೋದೆ.

ಮೇಷ್ಟ್ರು ಸುಜನ್, ಮೂವತ್ತರ ಹುಡುಗ. ಆ ಕಾಲದ ಯಾವ ನಾಟಕ ಓದಿದ್ದೀಯಪ್ಪ ಎಂದು ಕೇಳಿದೆ.

"ನಾಟ್ಕ ಓದುಕೆ ಟೈಮ್ ಎಲ್ಲಿತ್ತ್ ಮೇಡಂ? ಗಂಡಸ್ರೇ ಹೆಣ್ಣ್ ವೇಷ ಮಾಡ್ತಿದ್ರ್ ಅಂದೇಳಿ ನೋಟ್ಸಗೆ ಇತ್ತ್. ನಾನೂ ಅದನ್ನೇ ಬರ್ದ್ ಪಾಸಾದ್ದ್."

ಓದುವುದು ನೋಟ್ಸು, ಕಲಿಸುವುದು ನೋಟ್ಸು, ಅಂಕ ಕೊಡುವುದೂ ನೋಟ್ಸು. ಸೋಗಿನ ಪಂಡಿತರನ್ನು ಲೇವಡಿ ಮಾಡುವುದಕ್ಕೇ ಲೇಖನಿ ಹಿಡಿದ ಒಂದು ಕಾಲವನ್ನು ನಾವು ಕಲಿಸುವ ರೀತಿ ಇದು.

ಅವನು ಡ್ರಾಯರಿನಿಂದ ಜೆರಾಕ್ಸಿನ ಜೆರಾಕ್ಸ್ ಒಂದನ್ನು ತೆಗೆದು ಮೂರನೇ ಪುಟ ತೋರಿಸಿದ. ಅಕ್ಷರ ನನ್ನದು, ಜಲಜ. ೧೯೮೪ರಲ್ಲಿ ಬರೆದದ್ದು. ಆ ಸಾಲನ್ನು ನಾನು ಪುಸ್ತಕ ನೋಡಿ ಬರೆದಿರಲಿಲ್ಲ. ಹುಟ್ಟಿದಾಗಿನಿಂದ ಯಕ್ಷಗಾನ ಮೇಳದ ಆಟದಲ್ಲಿ ಗಂಡಸರೇ ಸೀರೆಯುಟ್ಟು ರಾಣಿಯಾಗುವುದನ್ನು ಕಂಡಿದ್ದೆ. ಲಂಡನ್ನಿನಲ್ಲೂ ಹಾಗೇ ಇರಬೇಕೆಂದು ಬರೆದುಬಿಟ್ಟಿದ್ದೆ.

"ಇದ್ನ್ ಬರ್ದ ಪಂಡಿತೆ ನಾನೇ ಮಾರಾಯ," ಎಂದೆ.

"ಸುಮ್ನೆ ಹೇಳ್ಬೇಡಿ ಮೇಡಂ. ಅದ್ ಯಾರೋ ರ‍್ಯಾಂಕ್ ಬಂದವ್ರ್ ಬರ್ದದ್ದಂಬ್ರ್."

ಅಲ್ಲೇ ಕೆಳಗೆ ಅದೇ ಸಾಲನ್ನು ಬರೆದು ತೋರಿಸಿದೆ. ಎರಡನ್ನೂ ನೋಡಿ ಅವನು ಕುರ್ಚಿ ಬಿಟ್ಟು ಎದ್ದ. ಸೋಮವಾರ ಅವನ ತರಗತಿಗೇ ಹೋಗಿ, ತಪ್ಪು ನನ್ನದು, ಸ್ವಾತಿ ಬರೆದದ್ದು ಸರಿ ಎಂದು ಹೇಳಿದೆ. ಅಂಕ ತಿದ್ದಿದ. ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ.

ನಿನ್ನ ಮಂಡಿನೋವು ಕಡಿಮೆಯಾಗಲಿ. ಮೊಮ್ಮಕ್ಕಳು ಚೆನ್ನಾಗಿ ಓದಲಿ, ಪುಸ್ತಕವನ್ನೇ ಓದಲಿ.

ನಿನ್ನ
ರತ್ನ

ಮರೆತ ಮಾತು: ಮರೆತದ್ದಲ್ಲ. ನಮ್ಮ ತರಗತಿಯಲ್ಲಿ ನನ್ನ ನೋಟ್ಸನ್ನೇ ಓದಿ ಪಾಠ ಮಾಡುತ್ತಿದ್ದಾಗ ಈ ಸಾಲು ತಪ್ಪೆಂದು ಎದ್ದುನಿಂತವಳು ನೀನು. "ಹಾಂಗಾರೆ ನೀನೇ ಗೆಜ್ಜೆ ಕಟ್ಕಂಡ್ ಮೇಳಕ್ಕ್ ಹೋಗ್," ಎಂದರು ಆಗಿನ ಮೇಷ್ಟ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದಕ್ಕೆ ಎರಡು ದಿನ ಮೊದಲೇ ಲೈಬ್ರರಿಯಲ್ಲಿ ಪುಸ್ತಕ ನೋಡಿದ್ದೆ. ನೀನು ಹೇಳಿದ್ದೇ ಸರಿಯೆಂದು ನನಗೆ ಗೊತ್ತಿತ್ತು. ಆದರೆ ಅಷ್ಟರಲ್ಲಿ ತರಗತಿಯವರೆಲ್ಲ ನನ್ನ ನೋಟ್ಸ್ ಬರೆದುಕೊಂಡಾಗಿತ್ತು. ಮರುವಾರದಿಂದ ನೀನು ಕಾಲೇಜಿಗೆ ಬರಲಿಲ್ಲ. ನಿನ್ನ ಮದುವೆಗೆ ಬಂದೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ, ಊಟ ಮಾಡಿದೆ. ಹೇಳಲಿಲ್ಲ.