ಹೆಸರಿಲ್ಲದ ಪದ

ಮೇ 18, ಭಾನುವಾರ

ಅಲ್ಲ ತಿರುಮಲೇಶಣ್ಣ, ಕೊನೇ ನುಡಿ ಕಟ್ ಮಾಡಿದ್ರೆ ಏನು ಹೋಗ್ತದೆ ಅಂತೀಯಲ್ಲ, ಕಟ್ಟಿದವನ ಹೆಸರೇ ಹೋಗುತ್ತದೆ. ಮೊಹರಮ್ಮಿಗೆ ನಮ್ಮೂರಲ್ಲಿ ಪೀರಲು ದೇವರು ಕೂತಾಗ ಯಾರು ಪದ ಹಾಡಿದರೂ ಕೊನೆಯ ನುಡಿಯಲ್ಲಿ ಕಟ್ಟಿದವನ ಹೆಸರು, ಊರು ಬರಲೇಬೇಕು. ಆಡಿದ ಮಾತಿಗೆ ಯಾರು ಹೊಣೆ ಅಂತ ಗೊತ್ತಾಗಬೇಕಲ್ಲ...

ಇದನ್ನು ಅವನೆದುರು ಹೇಳಲಿಲ್ಲ. ರೂಮಿಗೆ ಬಂದು ಇಲ್ಲಿ ಬರೆಯುತ್ತಿದ್ದೇನೆ. ಯಾವಾಗಲೂ ಹೀಗೇ.

ಸ್ಟುಡಿಯೋ ಅವನದು, ಯೂಟ್ಯೂಬ್ ಚಾನೆಲ್ ಅವನದು. ನಾನು ಆದೋನಿಯ ಬಟ್ಟೆ ಅಂಗಡಿಯಲ್ಲಿ ಥಾನು ಮಡಚುವವನು. ಅವ್ವನ ಮೇಲೆ ಕಟ್ಟಿದ ಪದ ಹಾಡಿ ತೋರಿಸಿದೆ—

ಹತ್ತಿ ಬಿಡಿಸಿ ಬಿಡಿಸಿ ನಮ್ಮವ್ವನ
ಬೆರಳು ಕೆಂಪಾಗ್ಯಾವ...

"ಟ್ಯೂನ್ ಅದಿರಿಂದಿರಾ ಸೂರೀ, ಭಾರಿ ಐತಿ! ಆದ್ರ ಬೆರಳು ಯಾರಿಗೆ ಬೇಕಲೇ? ತುಟಿ ಅನ್ನು. ಅವ್ವನ್ನ ತೆಗಿ, ಪಿಲ್ಲನ್ನ ಹಾಕು, ಹುಡುಗೀನ."

"ಅವ್ವನ ಪದ ಅಣ್ಣ ಇದು."

"ಹಂಗಾದ್ರ ಮದರ್ಸ್ ಡೇಕ ಬಾ. ಡಿಜೆದಾಗ ಅವ್ವನ ಪದಕ್ಕ ಯಾರು ಕುಣೀತಾರ?"

ಮೇ 20

ಬದಲಾಯಿಸಿದೆ.

ಎಲಿ ಅಡಿಕಿ ಹಾಕಿ ಹಾಕಿ ನಮ್ಮ ಪಿಲ್ಲನ
ತುಟಿ ಕೆಂಪಾಗ್ಯಾವ

ಸಲೀಸಾಗಿ ಕೂತುಬಿಟ್ಟಿತು. ಅದೇ ಬೇಜಾರು. ನನ್ನ ಹೆಸರು ಎಲ್ಲೂ ಬೇಡ ಅಂದೆ. "ನಿನ್ನಿಷ್ಟಪ್ಪಾ" ಅಂದ, ತಲೆ ಎತ್ತದೆ.

ಜೂನ್ 11

ಎಲ್ಲಿ ಹೋದರೂ ಅದೇ ಹಾಡು. ಆಟೋ, ಚಹಾ ಅಂಗಡಿ, ಮದುವೆ ಮೆರವಣಿಗೆ. ಅಂಗಡಿಯಲ್ಲಿ ಜತೆಗಿರುವ ಹನುಮಂತು ಹೆಗಲ ಮೇಲೆ ಥಾನು ಹೊತ್ತುಕೊಂಡೇ ಕುಣಿದ. "ಯಾವ ಪುಣ್ಯಾತ್ಮ ಬರದಾನೋ, ಮಸ್ತ್ ಐತಲೇ!"

ನಕ್ಕೆ. ಊಟದ ಡಬ್ಬಿ ಹಿಡಿದು ಒಬ್ಬನೇ ಹಿಂದಿನ ಮೆಟ್ಟಿಲಿಗೆ ಹೋದೆ.

ಅವ್ವನಿಗೆ ಫೋನ್ ಮಾಡಬೇಕು. ನಾಳೆ.

ಜೂನ್ 24

ಅವ್ವನೇ ಮಾಡಿದಳು.

"ಕೂಲಿಗೆ ಹೋಗಾ ಟ್ರ್ಯಾಕ್ಟರ್‌ದಾಗ ಒಂದು ಹಾಡು ಹಚ್ಚಿದ್ರಪ್ಪಾ. ಧಾಟಿ ನಿಂದೇ ಐತಲ್ಲೋ?"

"ಹೂಂ."

"ನನ್ನ ಮುಂದ ಹಾಡಿದಾಗ ಬೆರಳು ಇದ್ವು. ಎಲ್ಲಿ ಹೋದ್ವು?"

ಅಂಗಡಿಯಾಗ ಕೆಲಸ ಐತವ್ವಾ ಅಂದೆ. ಆಕೆ, "ಉಂಡೇನಪ್ಪಾ?" ಅಂದಳು. ಉಂಡೆ ಅಂದೆ. ಉಂಡಿರಲಿಲ್ಲ.

ಜುಲೈ 4

ನಿನ್ನೆ ಊರಿಗೆ ಹೋಗಿದ್ದೆ. ಪೀರಲು ಕೂತಿವೆ. ಸಂಜೆ ಬೆಂಕಿ ಗುಂಡಿಯ ಸುತ್ತ ಹೆಜ್ಜೆ ಹಾಕುತ್ತಾ ಹುಡುಗರು ತುಟಿಯ ಹಾಡು ಎತ್ತಿದರು. ಮೇಳದ ಹಿರಿಯ ಯರ್ರೆಪ್ಪ ಮಾಮ ಹಲಗೆ ನಿಲ್ಲಿಸಿದ.

"ತಡೀರಲೇ! ಕೊನೇ ನುಡಿ ಎಲ್ಲೈತಿ? ಯಾರ್ದಿದು?"

"ಯೂಟ್ಯೂಬಿಂದು ಮಾಮಾ."

"ಯೂಟ್ಯೂಬಪ್ಪಂದು ಯಾವೂರಲೇ?"

ಎಲ್ಲರೂ ನಕ್ಕರು. ಮಾಮ ನಗಲಿಲ್ಲ. "ಕಟ್ಟಿದಾವ ಇಲ್ಲಿದ್ರ ಮುಂದ ಬಂದು ಹೆಸರು ಹೇಳ್ಲಿ. ಇಲ್ಲಂದ್ರ ಪೀರಲ ಮುಂದ ಇದು ಬ್ಯಾಡ."

ಅವ್ವ ಹೆಂಗಸರ ನಡುವೆ ನಿಂತಿದ್ದಳು. ನನ್ನನ್ನೇ ನೋಡಿದಳು. ನಾನು ನೆಲ ನೋಡಿದೆ.

ಬೇರೆ ಪದ ಶುರುವಾಯಿತು. ಅಷ್ಟು ಜನರ ನಡುವೆ ನಾನೊಬ್ಬನೇ ಹೆಜ್ಜೆ ಹಾಕದೆ ನಿಂತಿದ್ದೆ.

ಜುಲೈ 6, ಬೆಳಿಗ್ಗೆ

ತಿರುಮಲೇಶಣ್ಣನ ಫೋನ್. ಪಾರ್ಟ್ ಟೂ ಇವತ್ತೇ ರೆಕಾರ್ಡಿಂಗ್. ತುಟಿ ಆಯಿತು, ಈ ಸಲ ನಡು ಬೇಕಂತೆ. "ನಿನ್ನ ಹೆಸರು ಹಾಕ್ತೀನಿ, ಫೋಟೋ ಹಾಕ್ತೀನಿ, ದೊಡ್ಡದಾಗಿ. ಹೀರೋ ಐಪೋತಾವ್‌ರಾ, ಹೀರೋ ಆಗಿಬಿಡ್ತೀ!"

ಹೆಸರು ಬೇಡ ಅಂದವನು ನಾನೇ, ಆದರೂ ಒಳಗೊಳಗೆ ಈ ಮಾತಿಗೇ ಕಾದಿದ್ದೆನಲ್ಲ ಇಷ್ಟು ದಿನ. ಬರ್ತೀನಣ್ಣ ಅಂದೆ. ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡೆ.

ಅದೇ ದಿನ, ಮಧ್ಯಾಹ್ನ

ಹೋಗಲಿಲ್ಲ. ಗುಂಡಿ ಹಾಕುವಾಗ ಅವ್ವ ಕೇಳಿದ್ದು ನೆನಪಾಯಿತು, ಬೆರಳು ಎಲ್ಲಿ ಹೋದ್ವು ಅಂತ. ಹಾಕಿದ ಅಂಗಿಯಲ್ಲೇ ಕೂತು ಕೊನೆಯ ನುಡಿ ಬರೆದೆ.

ಆಸ್ಪರಿ ಸೀಮ್ಯಾಗ ಉರುಕುಂದಮ್ಮನ ಮಗ
ಸೂರಿ ಕಟ್ಟ್ಯಾನ ಪದವ
ಅವ್ವನ ಬೆರಳ ಮಾರಿ ತುಟಿಯ ತಂದಾವ
ನಾನೇರಿ ಅವ, ನಾನೇ ಅವ

ಇವತ್ತು ಸಂಜೆ ಪೀರಲನ್ನು ಕಳಿಸುತ್ತಾರೆ. ಅಷ್ಟರೊಳಗೆ ಊರು ಸೇರಬೇಕು. ತುಟಿಯ ಹಾಡು ನನ್ನದೇ ಅಂತ ಮೊದಲು ಹೇಳುವುದು. ಆಮೇಲೆ ಬೆರಳಿನದು, ಈ ನುಡಿ ಸೇರಿಸಿ. ಹುಡುಗರು ನಗುತ್ತಾರೆ. ಯರ್ರೆಪ್ಪ ಮಾಮ ಮತ್ತೆ ಹಲಗೆ ನಿಲ್ಲಿಸಬಹುದು. ನಿಲ್ಲಿಸಲಿ. ಅವ್ವ...

ಫೋನ್ ಹೊಡೆದುಕೊಳ್ಳುತ್ತಲೇ ಇದೆ. ಹಾಸಿಗೆ ಮೇಲೆ ಬಿಟ್ಟಿದ್ದೇನೆ, ಅಲ್ಲೇ ಇರಲಿ. ಚಪ್ಪಲಿ ಮೆಟ್ಟಿದ್ದಾಯಿತು. ಬಸ್ಸಿಗೆ ಹೊತ್ತಾಯಿತು. ಪೆನ್ನಿಟ್ಟು, ಬಾಗಿಲು ಎಳೆದುಕೊಂಡು—