ಚಮಚಕ್ಕೆ ಅಂಟಿದ ಕಲ್ಲಂಗಡಿ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಕಲ್ಲಾಗಿದೆ. ಫ್ರೀಜರಿನಲ್ಲಿಟ್ಟ ಕಲ್ಲಂಗಡಿ ರಸಕ್ಕೆ ಚಮಚ ಚುಚ್ಚಿದೆ, ಚಮಚವೇ ಬಗ್ಗಿತು. ಮಿಕ್ಸಿಗೆ ಹಾಕಿದರೆ ಅದು ಗುರ್ರೆಂದು ನಿಂತೇ ಹೋಯಿತು. ಹಾಳಾಗಿ ಹೋಗಲಿ ಅಂತ ಹೊಲಿಗೆಗೆ ಕೂತೆ. ಪರದೆಗಳ ಆರ್ಡರ್ ಬಾಕಿ ಇದೆ. ಕಣ್ಣು ಮಾತ್ರ ಅಡುಗೆಮನೆಯ ಕಡೆಗೇ.

ಗಂಟಲಿನ ಗಡ್ಡೆ ತೆಗೆದ ಮೇಲೆ ಅಕ್ಕನಿಗೆ ಊಟವೆಲ್ಲ ಮೂಗಿನ ಟ್ಯೂಬಿನಲ್ಲೇ. ಬರುವ ಮಂಗಳವಾರ ನುಂಗುವ ಟೆಸ್ಟ್. ಪಾಸಾದರೆ ಬಾಯಿಂದ ಊಟ. ಇಲ್ಲವಾದರೆ ಹೊಟ್ಟೆಗೆ ತೂತು, ಅಲ್ಲಿಗೆ ಟ್ಯೂಬ್. “ತೂತು ಹಾಕಿಸ್ಕೊಳಲ್ಲ ಕಣೆ. ಹಾಗೇ ಹೋಗಿಬಿಡ್ತೀನಿ,” ಅಂತ ಪಿಸುಗುಟ್ಟಿದಳು. ಮಾಡುವವಳೇ. ಹಠದಲ್ಲಿ ಅವಳನ್ನು ಮೀರಿಸುವವರು ಈ ಮನೆಯಲ್ಲಿ ಯಾರೂ ಇಲ್ಲ, ನನ್ನನ್ನು ಬಿಟ್ಟರೆ.

ಆಸ್ಪತ್ರೆಯ ಥೆರಪಿಸ್ಟ್ — ನಾವಿಟ್ಟ ಹೆಸರು ನುಂಗು ಟೀಚರ್ — ಹೇಳಿದ್ದಾರೆ: ತಣ್ಣಗಿದ್ದರೆ ಗಂಟಲು ಎಚ್ಚರವಾಗುತ್ತದೆ. ಅವಳಿಗೆ ಇಷ್ಟವಾದ ಹಣ್ಣಿನದು, ಮೆತ್ತಗೆ, ನುಣ್ಣಗೆ ಮಾಡಿಡಿ. ನಾನು ನೋಡುವ ತನಕ ಬಾಯಿಗೆ ಮಾತ್ರ ಬೇಡ.

ಅಕ್ಕನಿಗೆ ಇಷ್ಟ ಕಲ್ಲಂಗಡಿ. ಇನ್ನೇನು ಮಾಡಲಿ.

ಅದೇ ದಿನ, ಸಂಜೆ

ಬಂತು! ಅರ್ಧ ಕರಗಲು ಬಿಟ್ಟು, ಜೇನು ಸುರಿದು, ಮಿಕ್ಸಿಯನ್ನು ತಡೆತಡೆದು ತಿರುಗಿಸಿದೆ. ಬೆಣ್ಣೆಯ ಹಾಗೆ ಮೆತ್ತಗೆ, ಗುಲಾಬಿ ಬಣ್ಣ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನಾನು ಮಿಕ್ಸಿ ಜಾರ್ ನೆಕ್ಕಿದ್ದಕ್ಕೆ ಮುಖ ತಿರುಗಿಸಿದಳು.

ಮಾರ್ಚ್ 5

ಟೀಚರ್ ಬಂದರು. ಒಂದು ಚಮಚ ತೆಗೆದು ಸಾಸರಿಗೆ ಹಾಕಿ ಸುಮ್ಮನೆ ಕೂತರು. ನಾವೂ ಕೂತೆವು. ಗುಡ್ಡೆ ಕುಸಿಯಿತು... ಸಾಸರಿನ ತುಂಬ ಗುಲಾಬಿ ನೀರು.

“ಬಾಯಲ್ಲೂ ಹೀಗೇ ಆಗತ್ತೆ. ನೀರು ಜೋರಾಗಿ ಇಳಿಯತ್ತೆ, ಇವರ ಗಂಟಲು ಅಷ್ಟು ಬೇಗ ಮುಚ್ಚಲ್ಲ. ಶ್ವಾಸಕೋಶಕ್ಕೆ ಹೋಗತ್ತೆ.”

“ಐಸ್‌ಕ್ರೀಂ ಥರ ಗಟ್ಟಿಯಾಗೇ ಇತ್ತಲ್ಲ ಮೇಡಂ.”

“ಕರಗಿದ ಮೇಲೂ ಚಮಚಕ್ಕೆ ಅಂಟ್ಕೊಂಡಿರ್ಬೇಕು. ಅಂಥದ್ದು ಮಾಡಿ. ಇನ್ನೊಂದು, ನುಂಗಿದ ಮೇಲೆ ಮಾತಾಡಿಸಿ. ಧ್ವನಿ ಒದ್ದೆಯಾಗಿ ಗೊರಗೊರ ಅಂದ್ರೆ ದಾರಿ ತಪ್ಪಿದೆ ಅಂತ.”

ಮೈಯೆಲ್ಲ ಉರಿಯಿತು. ಯಾರ ಮೇಲೆ ಅಂತ ಗೊತ್ತಿಲ್ಲ. ಡಬ್ಬಿ ಎಸೆಯಬೇಕಿತ್ತು. ಅಷ್ಟು ಕಷ್ಟಪಟ್ಟದ್ದು, ನಾನಾದರೂ ತಿನ್ನೋಣ ಅಂತ ಒಳಗಿಟ್ಟೆ.

ಮಾರ್ಚ್ 7, ಮಧ್ಯಾಹ್ನ

ಬಾಳೆಹಣ್ಣು. ಸಿಪ್ಪೆ ಕಪ್ಪಾಗುವಷ್ಟು ಕಳಿತದ್ದು. ಬಿಲ್ಲೆ ಮಾಡಿ, ಫ್ರೀಜ್ ಮಾಡಿ, ಮಿಕ್ಸಿಗೆ. ಮೊದಲು ಪುಡಿಪುಡಿ. ಕೆರೆದೆ, ತಿರುಗಿಸಿದೆ. ಮತ್ತೆ ಕೆರೆದೆ. ಇದೂ ಕೈಕೊಟ್ಟಿತು ಅಂದುಕೊಳ್ಳುವಾಗ ಇದ್ದಕ್ಕಿದ್ದಂತೆ ಕೆನೆ. ಸಾಸರಿಗೆ ಹಾಕಿ ಕಾದೆ. ಕರಗಿತು, ಹರಿಯಲಿಲ್ಲ. ಚಮಚ ತಲೆಕೆಳಗೆ ಮಾಡಿದರೂ ಬೀಳಲಿಲ್ಲ.

ಓಡಿಹೋಗಿ ಅಕ್ಕನಿಗೆ ತೋರಿಸಿದೆ.

“ಬಾಳೆಹಣ್ಣಾ. ಹಲ್ಲಿಲ್ಲದ ಮಗೂಗೆ ಕೊಡು.”

“ಟೆಸ್ಟ್ ಪಾಸಾಗೋದು ಬೇಡ್ವಾ ನಿಂಗೆ?”

“ಪಾಸಾಗಿ ತಿನ್ನೋದು ಇದನ್ನಾ?”

ಈ ಜನ್ಮದಲ್ಲಿ ಇವಳ ಹತ್ತಿರ ಹೊಗಳಿಸಿಕೊಂಡವರಿಲ್ಲ. ದಾರ ತರಬೇಕು. ಹೋಗಿ ಬರುತ್ತೇನೆ, ತಲೆ ತಣ್ಣಗಾಗಲಿ.

ಮಾರ್ಚ್ 7, ಸಂಜೆ

ಬರೆಯಬೇಕು.

ಮೆಟ್ಟಿಲಲ್ಲೇ ಕೆಮ್ಮು ಕೇಳಿಸಿತು. ಫ್ರೀಜರ್ ಬಾಗಿಲು ತೆರೆದೇ ಇದೆ, ಅಕ್ಕ ಅದಕ್ಕೆ ಒರಗಿದ್ದಾಳೆ. ಕೈಯಲ್ಲಿ ಕಲ್ಲಂಗಡಿ ಡಬ್ಬಿ. ತುಟಿ ನೀಲಿ. ಮುಂದಕ್ಕೆ ಬಗ್ಗಿಸಿ ಬೆನ್ನು ಹಿಡಿದುಕೊಂಡೆ. ಕೆಮ್ಮು ನಿಂತ ಮೇಲೆ “ಒಂದೇ ಚಮಚ,” ಅಂದಳು. ಧ್ವನಿ ಗೊರಗೊರ. ಪೂರ್ತಿ ಒದ್ದೆ.

ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಅತ್ತೆವು. ಟೀಚರಿಗೆ ಫೋನ್ ಮಾಡಿದೆ. ಜ್ವರ ಬಂದರೆ ತಕ್ಷಣ ಆಸ್ಪತ್ರೆ, ಟೆಸ್ಟ್ ಇಲ್ಲ ಅಂದರು.

ಡಬ್ಬಿಯನ್ನು ಸಿಂಕಿಗೆ ಸುರಿದೆ. ಮೊನ್ನೆಯೇ ಸುರಿಯಬೇಕಿತ್ತು.

ಮಾರ್ಚ್ 8

ಅಕ್ಕನ ಮೈ ಬೆಚ್ಚಗಿದೆಯೋ, ನನ್ನ ಕೈಯೇ ತಣ್ಣಗಿದೆಯೋ.

ಮಾರ್ಚ್ 14

ಜ್ವರ ಬಂತು. ಆಸ್ಪತ್ರೆ. ಇಳಿಯಿತು. ಬರೆಯಲಿಲ್ಲ — ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತು.

ನಿನ್ನೆ ಮನೆಗೆ ಬಂದೆವು. ಟೆಸ್ಟ್ ಹದಿನೇಳಕ್ಕೆ. ಮೂಗಿನ ಟ್ಯೂಬ್ ಇನ್ನು ಹೆಚ್ಚು ದಿನ ಇಡುವಂತಿಲ್ಲವಂತೆ. ಇದೇ ಕೊನೆ. ಫ್ರೀಜರ್ ಹಿಡಿಕೆಗೆ ಪರದೆಯ ಲೇಸ್ ಸುತ್ತಿ ಗಂಟು ಹಾಕಿದ್ದೇನೆ. ಅಕ್ಕ ನೋಡಿ, “ಮನೇಲೇ ಕಳ್ಳಿ ಆಗ್ಬಿಟ್ನಲ್ಲೇ,” ಅಂದಳು. ನಗು ಬರಲಿಲ್ಲ. ಅವಳು ಇಳಿದುಹೋಗಿದ್ದಾಳೆ. ರವಿಕೆಗಳನ್ನೆಲ್ಲ ಹಿಡಿದು ಹೊಲಿಯಬೇಕು.

ಮಾರ್ಚ್ 16, ಮಧ್ಯಾಹ್ನ

ಬೆಳಿಗ್ಗೆ ಪೂರ್ತಿ ಒಂದು ಕಲ್ಲಂಗಡಿಯ ರಸ ಒಲೆಯ ಮೇಲೆ. ಸಣ್ಣ ಉರಿ. ಅಷ್ಟು ದೊಡ್ಡ ಪಾತ್ರೆಯದು ಬತ್ತಿ ಬತ್ತಿ ಒಂದು ಲೋಟ ಪಾಕ. ಆರಿಸಿ, ಬಾಳೆಯ ಕೆನೆಗೆ ಬೆರೆಸಿದೆ. ಸಾಸರಿಗೆ ಹಾಕಿದೆ. ಕಾದೆ. ನಿಂತಿತು.

ಅಕ್ಕನ ಮೂಗಿನ ಹತ್ತಿರ ಹಿಡಿದೆ. ಮೂಸಿದಳು. ಟೀಕೆ ಮಾಡಲಿಲ್ಲ. ಅದೇ ನನಗೆ ಹೆದರಿಕೆ.

ಮಾರ್ಚ್ 17

ಐಸ್ ಡಬ್ಬಿಗೆ ಉಳಿದ ಪರದೆ ಬಟ್ಟೆಯೆಲ್ಲ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯಲ್ಲಿ ಕೂತೆ. ಕರೆಯಲೇ ಇಲ್ಲ. ಒಳಗೆ ಕರಗುತ್ತಿದೆ, ಇಲ್ಲ ಕರಗಿಲ್ಲ, ಕರಗಿದರೂ ನಿಲ್ಲುತ್ತದೆ... ಅಕ್ಕ ನನ್ನ ಸೆರಗಿನ ತುದಿ ಹಿಡಿದಿದ್ದಳು. ಎಂದಾದರೂ ಹಿಡಿದವಳಾ.

ಟೀಚರ್ ಸಾಸರಿಗೆ ಹಾಕಿ ನೋಡಿದರು. ತಲೆಯಾಡಿಸಿದರು. ಅರ್ಧ ಚಮಚ. ಗಂಟಲು ಏರಿತು. ಅಲ್ಲೇ ನಿಂತ ಹಾಗಾಯಿತು. ಇಳಿಯಿತು. ನಾನು ಕೆಮ್ಮಿಗೆ ಕಾದೆ. ಕೋಣೆಯಲ್ಲಿ ಎಲ್ಲರೂ ಅದಕ್ಕೇ ಕಾದರು.

“ಏನಾದ್ರೂ ಮಾತಾಡಿ,” ಅಂದರು ಟೀಚರ್.

ಅಕ್ಕ ನನ್ನನ್ನು ನೋಡಿದಳು. “ಬಾಳೆಹಣ್ಣು ಜಾಸ್ತಿ ಆಯ್ತು.”

ಒಣ ಧ್ವನಿ. ಬಿರುಸಾಗಿ, ನೆಟ್ಟಗೆ, ಅಕ್ಕನದೇ. ಟೀಚರ್ ಇನ್ನೊಂದು ಚಮಚ ತುಂಬಿದರು. ನನಗೆ ಚಮಚವೇ ಕಾಣಿಸಲಿಲ್ಲ, ಕಣ್ಣು ತುಂಬಿತ್ತು.

ಮಾರ್ಚ್ 21, ಸಂಜೆ

ಇವತ್ತು ಟ್ಯೂಬ್ ತೆಗೆದರು. ಮೂಗಿನ ಪಕ್ಕ ಟೇಪಿನ ಕೆಂಪು ಗುರುತು ಉಳಿದಿದೆ. ಲೇಸಿನ ಗಂಟು ಬಿಚ್ಚಿದೆ. ಊಟದ ಮೇಜಿನ ಮುಂದೆ ಅಕ್ಕನನ್ನು ಕೂರಿಸಿ ಬಂದಿದ್ದೇನೆ, ಬಟ್ಟಲು ಅವಳ ಮುಂದೆ. ಒಬ್ಬಳೇ ತಿನ್ನುತ್ತಾಳಂತೆ, ನಾನು ಎದುರಿಗೆ ಬಾಯಿಬಿಟ್ಟುಕೊಂಡು ಕೂರಬಾರದಂತೆ. ಗೋಡೆಯ ಈಚೆ ಕೂತು ಕಿವಿಗೊಟ್ಟಿದ್ದೇನೆ. ಚಮಚದ ಸದ್ದು. ಆಮೇಲೆ ಏನೂ ಇಲ್ಲ. ಮತ್ತೆ ಚಮಚ.

ಕರೆದಳು. ಏನೋ ತಪ್ಪು ಕಂಡಿರಬೇಕು. ಧ್ವನಿ ಒದ್ದೆ ಇಲ್ಲ. ಮತ್ತೆ ಕರೆದಳು, ಈ ಸಲ ಸಿಟ್ಟಿನಿಂದ. ಗಂಟೆಯ ಹಾಗಿದೆ. ಕೇಳಿಸಿದರೂ ಕೂತಿದ್ದೇನೆ, ಇನ್ನೊಂದು ಸಲ ಕರೆಯಲಿ ಅಂತ.

ಕರೆದಳು. ಬಂದೆ ಕಣೆ, ಬಂ—